ಒದ್ದೆ ಬೆರಳಿನ ಪರೀಕ್ಷೆ

"ಮೇಡಂ, ಎಲ್ಲ ಚೆನ್ನಾಗೇ ಇತ್ತು. ಕೊನೆಗೆ ವಾರ್ನಿಷ್ ಹಚ್ಚಿದೆ ನೋಡಿ, ಅಲ್ಲೇ ಹಾಳಾಯ್ತು."

ಈ ಮಾತನ್ನು ಪ್ರತಿ ಬ್ಯಾಚಿನಲ್ಲೂ ಒಬ್ಬರಿಂದಾದರೂ ಕೇಳುತ್ತೇನೆ. ಮೈಸೂರಿನ ನಮ್ಮ ಮನೆಯ ಮಹಡಿ ಮೇಲೆ ಶನಿವಾರ, ಭಾನುವಾರ ಕರಕುಶಲ ತರಗತಿ ಶುರು ಮಾಡಿ ಹದಿನೇಳು ವರ್ಷವಾಯಿತು. ಕೈ ಸರಿಯಿಲ್ಲದೆ ಕೆಟ್ಟ ಕೆಲಸ ನಾನು ನೋಡಿದ್ದು ಕಡಿಮೆ. ಯಾವುದರ ಮೇಲೆ ಯಾವುದು ಹಚ್ಚಬೇಕು ಅನ್ನುವುದು ಗೊತ್ತಿಲ್ಲದೆ ಕೆಟ್ಟದ್ದೇ ಜಾಸ್ತಿ.

ನನ್ನ ಕಥೆಯೂ ಅದೇ. ತರಗತಿ ಶುರು ಮಾಡುವ ಮುಂಚೆ, ಅಕ್ಕನ ಗೃಹಪ್ರವೇಶಕ್ಕೆ ಅಂತ ಒಂದು ಮರದ ಟ್ರೇ ಮಾಡಿದ್ದೆ. ಕೆನೆ ಬಣ್ಣದ ಅಕ್ರಿಲಿಕ್, ಅದರ ಮೇಲೆ ಸುತ್ತಲೂ ಕಮಲದ ಸ್ಟ್ಯಾಂಪು. ಇಂಕಿಗೆ ಬಳಸಿದ್ದು ಆಫೀಸಿನಲ್ಲಿ ಸೀಲು ಒತ್ತುವ ನೇರಳೆ ಪ್ಯಾಡ್. ವಾರವೆಲ್ಲ ಕೂತು ಮಾಡಿದ ಕೆಲಸ. ಹಿಂದಿನ ರಾತ್ರಿ ನೀರು ಬೆರೆತ ವಾರ್ನಿಷ್‌ನ ಬ್ರಷ್ ಎಳೆದೆ ನೋಡಿ, ಕಮಲಗಳಿಗೆಲ್ಲ ಬಾಲ ಬಂತು. ಗಾಬರಿಯಾಗಿ ಮೇಲೆ ಬಿಳಿ ಬಣ್ಣ ಬಳಿದೆ. ಮುಚ್ಚಿತು ಅಂತ ಮಲಗಿದೆ. ಬೆಳಿಗ್ಗೆ ನೋಡಿದರೆ ಬಿಳಿಯ ಒಳಗಿಂದ ನೇರಳೆ ಮೇಲೆದ್ದು ಟ್ರೇ ಪೂರ್ತಿ ಗುಲಾಬಿ! ಅಕ್ಕನಿಗೆ ಕೊನೆಗೆ ಸಿಕ್ಕಿದ್ದು ಸ್ಟೀಲ್ ಡಬ್ಬಿಗಳ ಸೆಟ್ಟು.

ಅಂದು ಅರ್ಥವಾಗದೆ ಹೋದದ್ದು ಇಷ್ಟೇ. ಒಣಗಿದ ಬಣ್ಣಗಳಲ್ಲಿ ಎರಡು ಜಾತಿ. ನೀರು ಬಿದ್ದರೆ ಮತ್ತೆ ಕರಗುವುದು ಒಂದು, ಕರಗದೇ ಇರುವುದು ಇನ್ನೊಂದು. ಮಿಕ್ಸೆಡ್ ಮೀಡಿಯಾ ಅಂದರೆ ಕಾಗದ, ಬಣ್ಣ, ಸ್ಟ್ಯಾಂಪು, ಅಂಟು, ಬಟ್ಟೆ, ಮಣ್ಣು ಎಲ್ಲ ಒಂದರ ಮೇಲೊಂದು ಪದರವಾಗಿ ಬರುವ ಕೆಲಸ. ಹಾಗಾಗಿ ಮೇಲಿನ ಪದರದ ನೀರು ಕೆಳಗಿನ ಪದರಕ್ಕೆ ಏನು ಮಾಡುತ್ತದೆ ಅನ್ನುವುದನ್ನು ಮೊದಲೇ ತಿಳಿದಿರಬೇಕು.

ಅಕ್ರಿಲಿಕ್ ಬಣ್ಣ ನೋಡಲು ನೀರಿನ ಬಣ್ಣದ ಹಾಗೇ ಇರುತ್ತದೆ. ಬ್ರಷ್ಷನ್ನೂ ನೀರಿನಲ್ಲೇ ತೊಳೆಯುತ್ತೇವೆ. ಆದರೆ ಒಳಗಿನ ಕಥೆ ಬೇರೆ. ಹಾಲಿನಲ್ಲಿ ಕೊಬ್ಬಿನ ಕಣ ತೇಲುವ ಹಾಗೆ ಇದರಲ್ಲಿ ಪ್ಲಾಸ್ಟಿಕ್ಕಿನ ಬಹಳ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆವಿಯಾದಾಗ ಕಣಗಳು ಒಂದಕ್ಕೊಂದು ಅಂಟಿ ಪೊರೆಯಾಗುತ್ತವೆ. ಆ ಪೊರೆ ಮತ್ತೆ ನೀರಿಗೆ ಬಿಚ್ಚಿಕೊಳ್ಳುವುದಿಲ್ಲ. ಹಸಿ ಇದ್ದಾಗ ತಿಳಿಯಾಗಿ ಕಂಡ ಬಣ್ಣ ಒಣಗಿದ ಮೇಲೆ ಒಂದು ಮೆಟ್ಟಿಲು ಗಾಢವಾಗುವುದೂ ಇದರಿಂದಲೇ. ಹಾಲಿನಂಥ ಬಿಳುಪು ಹೋಗಿ ಪೊರೆ ಪಾರದರ್ಶಕವಾಗುತ್ತದೆ. ಬಣ್ಣ ಬೆರೆಸುವಾಗ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ವಾಟರ್ ಕಲರ್‌ನಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಗೋಂದು. ಶಾಲೆ ಮಕ್ಕಳ ಪೋಸ್ಟರ್ ಕಲರ್‌ನದೂ ಇದೇ ಗುಣ. ಗೋಂದಿಗೆ ನೀರು ತಗುಲಿದರೆ ಹತ್ತು ವರ್ಷ ಬಿಟ್ಟರೂ ಕರಗುತ್ತದೆ. ಮೇಲೆ ಫೆವಿಕಾಲ್ ಹಚ್ಚಿದರೂ ಅಷ್ಟೇ. ಅದೂ ನೀರಿನ ಅಂಟು ತಾನೆ?

ಹಾಗಾದರೆ ಕೈಯಲ್ಲಿರುವ ಇಂಕು, ಪೆನ್ನು, ಬಣ್ಣ ಯಾವ ಜಾತಿಯದು ಅಂತ ತಿಳಿಯುವುದು ಹೇಗೆ? ಡಬ್ಬಿಯ ಮೇಲಿನ ಬರಹ ನಂಬಬೇಡಿ. "ವಾಟರ್‌ಪ್ರೂಫ್" ಅಂತ ಬರೆದ ಎಷ್ಟೋ ಪೆನ್ನುಗಳು ನನ್ನ ಮೇಜಿನ ಮೇಲೆ ಅತ್ತಿವೆ. ಒಂದು ರದ್ದಿ ಚೂರು ತೆಗೆದುಕೊಳ್ಳಿ. ಅದರ ಮೇಲೆ ಹಚ್ಚಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಬೆರಳು ಒದ್ದೆ ಮಾಡಿಕೊಂಡು ಹತ್ತು ಸಲ ಉಜ್ಜಿ. ಬೆರಳಿಗೆ ಬಣ್ಣ ಬಂತಾ? ಹಾಗಿದ್ದರೆ ಅದರ ಮೇಲೆ ಒದ್ದೆಯಾದ ಯಾವುದನ್ನೂ ಬ್ರಷ್‌ನಲ್ಲಿ ಎಳೆಯುವಂತಿಲ್ಲ. ಅಲ್ಲಿಗೆ ಮುಗಿಯಿತು. ರದ್ದಿ ಚೂರು ಮಾತ್ರ ನಿಜವಾದ ಕೆಲಸದ್ದೇ ಸಾಮಾನಿನದಾಗಿರಬೇಕು. ಕಾಗದದ ಮೇಲೆ ಪಾಸಾದ ಇಂಕು ಅಕ್ರಿಲಿಕ್ ಬಳಿದ ಮರದ ಮೇಲೆ ಫೇಲಾಗಬಹುದು. ಕಾಗದ ಇಂಕನ್ನು ಕುಡಿದುಬಿಡುತ್ತದೆ, ಅಕ್ರಿಲಿಕ್ ಪೊರೆ ಅಷ್ಟಾಗಿ ಕುಡಿಯುವುದಿಲ್ಲ.

ಇಂಕ್ ಪ್ಯಾಡುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚಿನ ದುಡ್ಡು ಹಾಳಾಗುವುದು ಇಲ್ಲೇ. ಡೈ ಇಂಕ್ ಅನ್ನುವುದು ಕರಗಿದ ಬಣ್ಣ. ಕಾಗದದೊಳಗೆ ಬೇಗ ಇಂಗುತ್ತದೆ, ಬೇಗ ಒಣಗುತ್ತದೆ, ನೀರು ಕಂಡರೆ ಸಾಮಾನ್ಯವಾಗಿ ಓಡುತ್ತದೆ. ನಮ್ಮ ಆಫೀಸ್ ಪ್ಯಾಡ್ ಈ ಗುಂಪಿನದು. ಪಿಗ್ಮೆಂಟ್ ಇಂಕ್‌ನಲ್ಲಿ ಇರುವುದು ಕರಗದ ಬಣ್ಣದ ಪುಡಿ. ಅದು ಮೇಲೇ ಕೂರುತ್ತದೆ, ನಿಧಾನ ಒಣಗುತ್ತದೆ. ನುಣುಪಾದ ಪ್ಲಾಸ್ಟಿಕ್ ಮೇಲಾದರೆ ಮರುದಿನವೂ ಕೈಗೆ ಅಂಟುತ್ತದೆ. ಆ ನಿಧಾನವೇ ಎಂಬಾಸಿಂಗ್‌ಗೆ ಅನುಕೂಲ. ಒದ್ದೆ ಇರುವಾಗಲೇ ಎಂಬಾಸಿಂಗ್ ಪುಡಿ ಉದುರಿಸಿ, ಹೆಚ್ಚಿನದನ್ನು ಕೊಡವಿ, ಬಿಸಿ ಕೊಟ್ಟರೆ ಪುಡಿ ಕರಗಿ ಉಬ್ಬಿದ ಗೆರೆಯಾಗುತ್ತದೆ. ಇದಕ್ಕೆ ಹೇರ್ ಡ್ರೈಯರ್ ಹಿಡಿದರೆ ಪುಡಿ ಹಾರುತ್ತದೆಯೇ ಹೊರತು ಕರಗುವುದಿಲ್ಲ. ಅದರ ಗಾಳಿ ಜಾಸ್ತಿ, ಶಾಖ ಕಡಿಮೆ. ಜೋರು ಶಾಖ ಕೊಡುವ ಹೀಟ್ ಗನ್ ಇಲ್ಲದವರು ಕಾದ ತವಾದಿಂದ ಒಂದಿಂಚು ಮೇಲೆ ಕಾಗದವನ್ನು ಇಕ್ಕಳದಲ್ಲಿ ಹಿಡಿದು ಕೆಳಗಿನಿಂದ ಶಾಖ ಕೊಡಬಹುದು. ಒಲೆ ಆರಿಸಿದ ಮೇಲೆ, ದಯವಿಟ್ಟು.

ಮೂರನೆಯದು ಸಾಲ್ವೆಂಟ್ ಇಂಕ್, ಅಂದರೆ ನೀರಿನ ಬದಲು ಸ್ಪಿರಿಟ್ಟಿನಂಥ ದ್ರಾವಕ ಬಳಸಿದ್ದು. ಗಾಜು, ಲೋಹ, ಪ್ಲಾಸ್ಟಿಕ್ ಮೇಲೆ ನಿಲ್ಲುವುದು ಇದು. ವಾಸನೆ ಜೋರು, ಕಿಟಕಿ ತೆಗೆದಿಟ್ಟು ಕೆಲಸ ಮಾಡಿ. ಸಿಲಿಕೋನಿನ ಹಾಗೆ ಕಾಣುವ ಪಾರದರ್ಶಕ ಸ್ಟ್ಯಾಂಪುಗಳಿಗೆ ಇದು ಅಷ್ಟು ಹಿತವಲ್ಲ, ಕೆಂಪು ರಬ್ಬರಿನವು ತಡೆದುಕೊಳ್ಳುತ್ತವೆ.

ಇಷ್ಟೆಲ್ಲ ಪ್ಯಾಡ್ ಬೇಕಾ ಅಂದರೆ, ಬೇಡ. ಹೊಸಬರಿಗೆ ನಾನು ಪ್ಯಾಡೇ ಕೊಡಿಸುವುದಿಲ್ಲ. ಅಕ್ರಿಲಿಕ್ ಬಣ್ಣವನ್ನೇ ಅಚ್ಚಿಗೆ ಹಚ್ಚಿ ಒತ್ತಿಸುತ್ತೇನೆ. ಒಣಗಿದರೆ ಓಡುವ ಭಯವಿಲ್ಲ, ಹದಿನೈದು ಎಂಎಲ್ ಬಾಟಲಿ ತಿಂಗಳುಗಟ್ಟಲೆ ಬರುತ್ತದೆ.

ಅಚ್ಚು ಅನ್ನುವ ನಮ್ಮ ಮಾತು ನನಗೆ ತುಂಬಾ ಇಷ್ಟ. ಸಂಕ್ರಾಂತಿಯ ಸಕ್ಕರೆ ಅಚ್ಚು, ಅಚ್ಚು ಬೆಲ್ಲ, ಅಚ್ಚುಕೂಟ, ಬಟ್ಟೆಗೆ ಒತ್ತುವ ಅಚ್ಚು, ಎಲ್ಲಕ್ಕೂ ಒಂದೇ ಪದ. ಬಟ್ಟೆಗೆ ಒತ್ತುವ ಮರದ ಅಚ್ಚುಗಳಿಗೆ ಗುಜರಾತಿನ ಪೇಥಾಪುರದ ಕೆತ್ತನೆಗಾರರು ಹೆಸರುವಾಸಿ. ರಾಜಸ್ಥಾನದ ಬಗ್ರು, ಸಾಂಗಾನೇರ್‌ಗಳಲ್ಲಿ ಇಂಥ ಅಚ್ಚುಗಳಿಂದಲೇ ಬಟ್ಟೆ ಮೇಲೆ ಹೂಬಳ್ಳಿ ಮೂಡುತ್ತದೆ. ಹೊಸ ಅಚ್ಚನ್ನು ದಿನಗಟ್ಟಲೆ ಎಣ್ಣೆಯಲ್ಲಿ ನೆನೆಸಿ ಹದ ಮಾಡುತ್ತಾರೆ. ದೊಡ್ಡ ಅಚ್ಚಿನ ಮೈಗೆ ಅಲ್ಲಲ್ಲಿ ತೂತು ಕೊರೆದಿರುತ್ತಾರೆ. ಹುಳ ಹೊಡೆದದ್ದು ಅಂತ ಒಬ್ಬರು ನನ್ನ ಹತ್ತಿರ ವಾಪಸು ತಂದಿದ್ದರು! ಅದು ಒತ್ತುವಾಗ ಒಳಗಿನ ಗಾಳಿ ಹೊರಹೋಗಲು ಮಾಡಿದ ದಾರಿ.

ಈ ಅಚ್ಚು ಮನೆಗೆ ತಂದು ಗಟ್ಟಿ ಮೇಜಿನ ಮೇಲೆ ಕಾಗದ ಇಟ್ಟು ಒತ್ತಿದರೆ ಅರ್ಧ ಹೂವು ಬರುತ್ತದೆ, ಅರ್ಧ ಬರುವುದಿಲ್ಲ. ಅಚ್ಚು ಕೆಟ್ಟದ್ದು ಅಂತ ಬೈಯುತ್ತಾರೆ. ತಪ್ಪು ಮೇಜಿನದು. ಬಟ್ಟೆ ಅಚ್ಚು ಹಾಕುವವರ ಮೇಜಿನ ಮೇಲೆ ಗೋಣಿ, ಬಟ್ಟೆಗಳ ಮೆತ್ತನೆ ಪದರ ಇರುತ್ತದೆ. ರಬ್ಬರ್ ಸ್ಟ್ಯಾಂಪು ತಾನೇ ಸ್ವಲ್ಪ ಬಗ್ಗುತ್ತದೆ, ಮರ ಬಗ್ಗುವುದಿಲ್ಲ. ಅದಕ್ಕೆ ಕೆಳಗಿನದು ಬಗ್ಗಬೇಕು. ಹಳೇ ರಗ್ಗನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ನ್ಯೂಸ್ ಪೇಪರ್ ಹಾಸಿ ಒತ್ತಿ ನೋಡಿ. ಹಲಗೆಯ ಮೇಲೆ ಒತ್ತಬೇಕಾದರೆ ಈ ಉಪಾಯ ನಡೆಯುವುದಿಲ್ಲ, ಆಗ ಮರದ ಅಚ್ಚು ಬಿಟ್ಟು ಫೋಮಿನ ಅಚ್ಚು ಹಿಡಿಯಿರಿ.

ಫೋಮಿನ ಅಚ್ಚನ್ನು ಐದು ನಿಮಿಷದಲ್ಲಿ ಮಾಡಬಹುದು. ಮಕ್ಕಳ ಪ್ರಾಜೆಕ್ಟಿಗೆ ಸಿಗುವ ಫೋಮ್ ಶೀಟಿನಲ್ಲಿ ಎಲೆ, ಮಾವಿನಕಾಯಿ, ನವಿಲುಗರಿಯ ಕಣ್ಣು ಕತ್ತರಿಸಿ, ಬಾಟಲಿಯ ಮುಚ್ಚಳಕ್ಕೆ ಅಂಟಿಸಿ. ಬಾಲ್ ಪೆನ್ನಿನಿಂದ ಒತ್ತಿ ಎಳೆದರೆ ಎಲೆಯ ನರಗಳೂ ಬರುತ್ತವೆ. ಪೆನ್ಸಿಲ್ ಅಳಿಸುವ ರಬ್ಬರನ್ನು ಬ್ಲೇಡಿನಿಂದ ಕೊರೆದರೆ ಸಣ್ಣ ಅಚ್ಚು ಸೊಗಸಾಗಿ ಬರುತ್ತದೆ. ಅಕ್ಷರ ಕೊರೆಯುವವರು ಮಾತ್ರ ಹುಷಾರು. ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ ಕೊರೆಯಬೇಕು. ಟ್ರೇಸಿಂಗ್ ಪೇಪರಿನ ಮೇಲೆ ಪೆನ್ಸಿಲಿನಲ್ಲಿ ನೆಟ್ಟಗೆ ಬರೆದು, ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿದರೆ ತಾನಾಗೇ ಉಲ್ಟಾ ಇಳಿಯುತ್ತದೆ. ಅಡುಗೆಮನೆಯಲ್ಲಿ ಅಡ್ಡ ಕೊಯ್ದ ಬೆಂಡೆಕಾಯಿಗಿಂತ ಒಳ್ಳೇ ಅಚ್ಚು ಸಿಗುವುದಿಲ್ಲ. ಐದೆಸಳಿನ ಹೂವು, ಕೆತ್ತುವ ಕೆಲಸವೇ ಇಲ್ಲ. ಲೋಳೆ ಒರೆಸಿಕೊಳ್ಳಬೇಕು ಅಷ್ಟೆ. ಆಲೂಗಡ್ಡೆಯನ್ನೂ ಕೊಯ್ದ ಮೇಲೆ ಬಟ್ಟೆಯ ಮೇಲೆ ಹತ್ತು ನಿಮಿಷ ಬೋರಲು ಇಟ್ಟು ನೀರು ಇಳಿಸಿ, ಇಲ್ಲದಿದ್ದರೆ ಬಣ್ಣ ಜಾರುತ್ತದೆ.

ಅಚ್ಚನ್ನು ಬಣ್ಣದಲ್ಲಿ ಅದ್ದಬೇಡಿ. ತಟ್ಟೆಯಲ್ಲಿ ಬಣ್ಣ ಸವರಿ, ಪಾತ್ರೆ ಉಜ್ಜುವ ಸ್ಪಾಂಜಿನ ತುಂಡಿನಿಂದ ತಟ್ಟಿ ತಟ್ಟಿ ಅಚ್ಚಿಗೆ ತೆಳುವಾಗಿ ಹಚ್ಚಿ. ಗೆರೆಗಳ ಸಂದಿ ತುಂಬಿತು ಅಂದರೆ ಬಣ್ಣ ಹೆಚ್ಚಾಯಿತು ಅಂತ. ಮೊದಲ ಒತ್ತು ರದ್ದಿಯ ಮೇಲೆ, ಎರಡನೆಯದು ಕೆಲಸದ ಮೇಲೆ.

ಇನ್ನು ಒಂದು ಕೆಲಸವನ್ನೇ ಮೊದಲಿಂದ ಕೊನೆವರೆಗೆ ಹೇಳಿಬಿಡುತ್ತೇನೆ. ಹತ್ತು ಇಂಚು, ಹನ್ನೆರಡು ಇಂಚಿನ ಎಂಡಿಎಫ್ ಹಲಗೆ, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ್ದು. ಗೋಡೆಗೆ ನೇತುಹಾಕುವುದಕ್ಕೆ. ಹಲಗೆ ಬೇಡವಾದರೆ ದಪ್ಪ ಲಗ್ನಪತ್ರಿಕೆಗಳು ಅಟ್ಟದಲ್ಲಿ ಬಿದ್ದಿರುತ್ತವಲ್ಲ, ಅವೂ ಆಗುತ್ತವೆ. ಆದರೆ ಕಾರ್ಡು ಒದ್ದೆಯಾದಾಗ ಬಿಲ್ಲಿನಂತೆ ಬಾಗುತ್ತದೆ. ಹಿಂದಿನ ಬದಿಗೂ ಒಂದು ಕೈ ಬಣ್ಣ ಹೊಡೆದರೆ ಎರಡೂ ಕಡೆ ಸಮನಾಗಿ ಎಳೆದು ನೆಟ್ಟಗಾಗುತ್ತದೆ.

ಹಲಗೆಗೆ ಮೊದಲು ಗೆಸ್ಸೋ. ಇದು ಬಿಳಿ ಪ್ರೈಮರ್, ಅಕ್ರಿಲಿಕ್ಕಿಗೆ ಸೀಮೆಸುಣ್ಣದಂಥ ಪುಡಿ ಬೆರೆತದ್ದು. ಮೇಲಿನ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಎರಡು ತೆಳು ಕೈ ಹೊಡೆದು, ನಡುವೆ ಉಪ್ಪುಕಾಗದದಲ್ಲಿ ಹಗುರವಾಗಿ ತಿಕ್ಕಿ. ಎಂಡಿಎಫ್ ಧೂಳು ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಿ. ಗೆಸ್ಸೋ ಅನ್ನುವ ಪದ ಮೈಸೂರಿನವರಿಗೆ ಬೇರೆ ಅರ್ಥದಲ್ಲಿ ಗೊತ್ತು. ನಮ್ಮ ಸಾಂಪ್ರದಾಯಿಕ ಚಿತ್ರಗಳಲ್ಲಿ ಚಿನ್ನದ ರೇಕು ಅಂಟಿಸುವ ಮುಂಚೆ ಆಭರಣ, ಸೀರೆಯಂಚುಗಳನ್ನು ಸ್ವಲ್ಪ ಉಬ್ಬಿಸುತ್ತಾರಲ್ಲ, ಅದೂ ಗೆಸ್ಸೋ ಕೆಲಸವೇ. ಹಳಬರು ಮಕ್ಕಿ ಸಫೇದ ಅನ್ನುವ ಬಿಳಿ ಪುಡಿ, ರೇವನ ಚಿನ್ನಿ ಹಾಲು ಅನ್ನುವ ಹಳದಿ ಮರದ ರಾಳ, ಅಂಟು ಸೇರಿಸಿ ಅದನ್ನು ಮಾಡುತ್ತಿದ್ದರು. ಆ ಬಿಳಿಯಲ್ಲಿ ಸೀಸ ಇರುತ್ತಿತ್ತು, ಮನೆಯಲ್ಲಿ ಅದರ ಸಹವಾಸ ಬೇಡ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ, ಮೈಸೂರಿನದರಲ್ಲಿ ತೆಳು. ಬೆರಳಾಡಿಸಿದರೆ ಗೊತ್ತಾಗುವಷ್ಟು ಮಾತ್ರ. ನನ್ನ ರುಚಿಯೂ ಅದೇ.

ಉಬ್ಬಿಗೆ ನಾವು ಮನೆಯಲ್ಲೇ ಪೇಸ್ಟ್ ಮಾಡಿಕೊಳ್ಳೋಣ. ಮೂರು ಚಮಚ ಟಾಲ್ಕಂ ಪೌಡರ್, ಒಂದು ಚಮಚ ಫೆವಿಕಾಲ್, ಒಂದು ಚಮಚ ಬಿಳಿ ಅಕ್ರಿಲಿಕ್. ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ. ರಂಗೋಲಿ ಹಾಕುವ ತೂತಿನ ತಟ್ಟೆ ಇರುತ್ತದಲ್ಲ, ಚಪ್ಪಟೆಯದು, ಅದನ್ನು ಹಲಗೆಯ ಒಂದು ಮೂಲೆಯಲ್ಲಿಟ್ಟು ಹಳೇ ಎಟಿಎಂ ಕಾರ್ಡಿನಿಂದ ಪೇಸ್ಟನ್ನು ಸವರಿ. ತಟ್ಟೆಯನ್ನು ಪಕ್ಕಕ್ಕೆ ಎಳೆಯದೆ ನೇರ ಮೇಲಕ್ಕೆ ಎತ್ತಿ. ಚುಕ್ಕಿಗಳ ರಂಗೋಲಿ ಉಬ್ಬಿ ನಿಲ್ಲುತ್ತದೆ. ತಟ್ಟೆಯನ್ನು ತಕ್ಷಣ ತೊಳೆಯಿರಿ. ಮೊದಲು ಕಾಗದದಲ್ಲಿ ಒರೆಸಿ, ಇಲ್ಲದಿದ್ದರೆ ಪೇಸ್ಟ್ ಹೋಗಿ ಸಿಂಕಿನ ಪೈಪಿನಲ್ಲಿ ಕೂರುತ್ತದೆ. ಪ್ಲಂಬರ್ ಬಂದು ಹೇಳಿದ ಮೇಲೆ ನಾನು ಕಲಿತದ್ದು ಇದು.

ಪೇಸ್ಟ್ ಒಂದು ರಾತ್ರಿ ಒಣಗಲಿ. ಡ್ರೈಯರಿನ ಬಿಸಿ ಗಾಳಿ ಹತ್ತಿರ ಹಿಡಿದರೆ ಮೇಲ್ಭಾಗ ಮಾತ್ರ ಒಣಗಿ, ಒಳಗಿನ ನೀರು ಗುಳ್ಳೆಯಾಗಿ ಏಳುತ್ತದೆ.

ಮರುದಿನ ಕಾಗದ ಅಂಟಿಸುವ ಕೆಲಸ. ಬಣ್ಣದ ಜೊತೆ ಕಾಗದ, ಬಟ್ಟೆ ಅಂಟಿಸುವುದು ಹವ್ಯಾಸಿಗಳ ಆಟ ಅಂತ ಮೂಗು ಮುರಿಯುವವರು ಇದ್ದಾರೆ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾದ ರೆಕ್ಸಿನ್ ತರಹದ ಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟು ಮಾಡಿದ್ದ ಅಂತ ಅವರಿಗೆ ಹೇಳಿ. ನಾವು ಅಂಟಿಸುವುದು ಅಜ್ಜನ ಇನ್‌ಲ್ಯಾಂಡ್ ಲೆಟರ್. ಮೂಲ ಪತ್ರ ಅಲ್ಲ ಮತ್ತೆ! ಅದನ್ನು ಭದ್ರವಾಗಿಟ್ಟು ಜೆರಾಕ್ಸ್ ತೆಗೆಸಿ. ಜೆರಾಕ್ಸ್, ಲೇಸರ್ ಪ್ರಿಂಟುಗಳ ಕಪ್ಪು ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಅಂಟಿರುತ್ತದೆ, ಒದ್ದೆ ಬೆರಳಿಗೆ ಹೆದರುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರಿನದು ಎಷ್ಟೋ ಸಲ ಫೆವಿಕಾಲ್ ತಗುಲಿದ ಕೂಡಲೇ ಅಳುತ್ತದೆ.

ಅಂಟಿಸುವ ಬದಲು ಅಕ್ಷರವನ್ನಷ್ಟೇ ಇಳಿಸುವುದು ಇನ್ನೂ ಚೆಂದ. ಒಣಗಿದ ಗೆಸ್ಸೋ ಮೇಲೆ ಬಿಳಿ ಅಕ್ರಿಲಿಕ್ ಒಂದು ಕೈ ದಪ್ಪಗೆ ಬಳಿದು, ಹಸಿ ಇರುವಾಗಲೇ ಜೆರಾಕ್ಸನ್ನು ಬೋರಲು ಹಾಕಿ ಕಾರ್ಡಿನಿಂದ ಒತ್ತಿ ಗಾಳಿ ತೆಗೆಯಿರಿ. ಇಡೀ ರಾತ್ರಿ ಬಿಟ್ಟು, ಮಾರನೇ ದಿನ ಒದ್ದೆ ಸ್ಪಾಂಜಿನಿಂದ ಕಾಗದ ನೆನೆಸಿ ಬೆರಳಿನಿಂದ ಉರುಟಿ ಉರುಟಿ ತೆಗೆಯಿರಿ. ಕಾಗದ ಹೋಗುತ್ತದೆ, ಅಕ್ಷರ ಬಣ್ಣದ ಪೊರೆಯಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ. ಅಕ್ಷರ ಉಲ್ಟಾ ಬರುತ್ತದೆ, ಹಾಗಾಗಿ ಜೆರಾಕ್ಸ್ ಅಂಗಡಿಯಲ್ಲೇ ಕನ್ನಡಿ ಬಿಂಬದ ಪ್ರತಿ ಕೇಳಿ. ಅಲ್ಲಲ್ಲಿ ಕಿತ್ತುಹೋದರೆ ಬಿಡಿ, ಹಳೇ ಗೋಡೆಯ ಹಾಗೆ ಕಾಣುತ್ತದೆ.

ಈಗ ಬಣ್ಣ. ಹನ್ನೆರಡು ಬಾಟಲಿ ಇದೆ ಅಂತ ಹನ್ನೆರಡನ್ನೂ ಬಿಚ್ಚಬೇಡಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಚಿತ್ತಾರ ನೋಡಿದ್ದೀರಲ್ಲ? ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ನಾಲ್ಕೇ ಬಣ್ಣ, ಪುಂಡಿ ನಾರಿನ ಕುಂಚ. ಅಷ್ಟರಲ್ಲೇ ಗೋಡೆ ತುಂಬ ಮದುವೆ ಮನೆ ಏಳುತ್ತದೆ. ಈ ಹಲಗೆಗೂ ನಾನು ಅದೇ ನಾಲ್ಕನ್ನು ತೆಗೆದುಕೊಳ್ಳುತ್ತೇನೆ. ಇಟ್ಟಿಗೆ ಕೆಂಪಿಗೆ ಹೆಚ್ಚು ನೀರು ಬೆರೆಸಿ ತಿಳಿಯಾಗಿ ಹರಿಸಿ, ಉಬ್ಬಿದ ಚುಕ್ಕಿಗಳ ಸಂದಿಯಲ್ಲಿ ಅದು ಇಳಿದ ಮೇಲೆ ಚುಕ್ಕಿಗಳ ತಲೆಯನ್ನು ಬಟ್ಟೆಯಿಂದ ಒರೆಸುತ್ತೇನೆ. ಒಣಗಿದ ಮೇಲೆ ಕಪ್ಪಿನಲ್ಲಿ ಫೋಮಿನ ಎಲೆ. ಅರ್ಧ ಎಲೆ ಹಲಗೆಯ ಅಂಚಿನಿಂದ ಹೊರಗೆ ಹೋಗುವ ಹಾಗೆ ಒತ್ತಿದರೆ ಚಿತ್ರ ಹಲಗೆಗಿಂತ ದೊಡ್ಡದಾಗಿ ಕಾಣುತ್ತದೆ. ಪೂರ್ತಿ ಎಲೆಗಳನ್ನು ಸಾಲಾಗಿ ಒತ್ತಿದರೆ ಟೇಬಲ್ ಕ್ಲಾತ್ ಆಗಿಬಿಡುತ್ತದೆ.

ನಡುವೆ ಒಂದು ಉಬ್ಬಿದ ತುಂಡು ಬೇಕು. ಅದಕ್ಕೇ ನಮ್ಮ ಸಕ್ಕರೆ ಅಚ್ಚಿನ ಮರದ ಮಣೆ. ಅಮ್ಮನ ಕಾಲದ ತೇಗದ ಮಣೆಯೊಂದು ಒಂದು ಬದಿ ಸೀಳಿಹೋಗಿತ್ತು, ಪಾಕ ಸೋರುತ್ತಿತ್ತು. ಅಡುಗೆಯಿಂದ ನಿವೃತ್ತಿ ಕೊಡಿಸಿ ನಾನು ತಂದುಕೊಂಡೆ. ಅದರೊಳಗೆ ಕಾರ್ನ್‌ಫ್ಲೋರ್ ಧೂಳಿನಂತೆ ಉದುರಿಸಿ, ಗಾಳಿಗೆ ಒಣಗುವ ಕ್ಲೇಯನ್ನು ಒತ್ತಿ ತೆಗೆದರೆ ಗಿಳಿ, ಆನೆ, ತುಳಸಿಕಟ್ಟೆ ಸಿಗುತ್ತವೆ. ಒಮ್ಮೆ ಕ್ಲೇ ಮುಟ್ಟಿದ ಮಣೆಯನ್ನು ಮತ್ತೆ ಸಕ್ಕರೆಗೆ ಬಳಸುವಂತಿಲ್ಲ, ಒಳ್ಳೇ ಮಣೆ ಇದ್ದರೆ ಮುಟ್ಟಬೇಡಿ. ಗಿಳಿ ಒಣಗಲು ಎರಡು ದಿನ ಬೇಕು. ದಿನಕ್ಕೆ ಎರಡು ಸಲ ತಿರುವಿ ಹಾಕಿ, ಒಂದೇ ಬದಿ ಒಣಗಿದರೆ ರೆಕ್ಕೆ ಮೇಲೇಳುತ್ತದೆ. ಫೆವಿಕಾಲಿನಲ್ಲಿ ಅಂಟಿಸಿ, ಮೇಲೊಂದು ಪುಸ್ತಕ ಭಾರ ಇಟ್ಟು ಬಿಡಿ. ಗಿಳಿಗೆ ಹಸಿರು ಬಳಿಯುವ ಆಸೆ ಬರುತ್ತದೆ. ನಾನಂತೂ ಹಳದಿಯಲ್ಲೇ ನಿಲ್ಲಿಸುತ್ತೇನೆ. ಗ್ಲಿಟರ್ ಹಾಕುವವರ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ.

ಕೊನೆಗೆ ವಾರ್ನಿಷ್. ಕನಿಷ್ಠ ಒಂದು ದಿನ ಕಳೆದಿರಬೇಕು. ಹಲಗೆಯ ಮೇಲಿರುವ ಪ್ರತಿ ವಸ್ತುವಿನ ರದ್ದಿ ಚೂರಿಗೂ ಒದ್ದೆ ಬೆರಳಿನ ಪರೀಕ್ಷೆ ಆಗಿರಬೇಕು. ಯಾವುದೋ ಒಂದು ಫೇಲಾಗಿದೆ, ಆದರೂ ಅದು ಬೇಕೇ ಬೇಕು ಅಂತಿದ್ದರೆ ದಾರಿ ಇದೆ. ಸ್ಪ್ರೇ ವಾರ್ನಿಷನ್ನು ಒಂದಡಿ ದೂರದಿಂದ, ಮಂಜು ಕೂತ ಹಾಗೆ ಎರಡು ಮೂರು ಸಲ ಹೊಡೆದು, ಪ್ರತಿ ಸಲ ಒಣಗಿಸಿ. ಸ್ಪ್ರೇ ಎಳೆಯುವುದಿಲ್ಲ, ಬ್ರಷ್ ಎಳೆಯುತ್ತದೆ. ಇದನ್ನೂ ಮೊದಲು ರದ್ದಿಯ ಮೇಲೆ ಹೊಡೆದು ನೋಡಿ, ಕೆಲವು ಇಂಕು ಸ್ಪ್ರೇಯಲ್ಲಿರುವ ಸಾಲ್ವೆಂಟಿಗೇ ಕರಗುತ್ತವೆ. ಮಳೆ ಹಿಡಿದ ದಿನ ಸ್ಪ್ರೇ ಬೇಡವೇ ಬೇಡ. ಗಾಳಿಯ ತೇವ ಸೇರಿ ಮೇಲೆ ಬಿಳಿ ಮಬ್ಬು ಕೂರುತ್ತದೆ. ಮಂಗಳೂರಿನಿಂದ ಒಬ್ಬ ವಿದ್ಯಾರ್ಥಿನಿ ಜುಲೈನಲ್ಲಿ ಫೋನ್ ಮಾಡಿ, "ಮೂರು ದಿನವಾಯ್ತು, ಫೆವಿಕಾಲ್ ಇನ್ನೂ ಅಂಟಂಟು" ಅಂದಿದ್ದಳು. ಅಲ್ಲಿನ ಮಳೆಗಾಲಕ್ಕೆ ನಾನು ಹೇಳುವ ಒಣಗುವ ಸಮಯವನ್ನೆಲ್ಲ ದುಪ್ಪಟ್ಟು ಮಾಡಿಕೊಳ್ಳಬೇಕು. ಕಾಗದ ಅಂಟಿಸಿದ ಎರಡು ಕೆಲಸಗಳನ್ನು ಒಂದರ ಮೇಲೊಂದು ಪೇರಿಸಿಯೂ ಇಡಬಾರದು. ಬಿಡಿಸುವಾಗ ಒಂದರ ಮುಖ ಇನ್ನೊಂದಕ್ಕೆ ಬರುತ್ತದೆ.

ಅಚ್ಚುಗಳನ್ನು ಬಣ್ಣ ಒಣಗುವ ಮುಂಚೆ ತೊಳೆಯಬೇಕು. ಹಳೇ ಹಲ್ಲುಜ್ಜುವ ಬ್ರಷ್, ಸ್ವಲ್ಪ ಸೋಪು. ಮರದ ಅಚ್ಚನ್ನು ಬಕೆಟ್ಟಿನಲ್ಲಿ ನೆನೆಹಾಕಬೇಡಿ, ಸೀಳುತ್ತದೆ. ಉಜ್ಜಿ, ಒರೆಸಿ, ಕೆತ್ತನೆ ಮೇಲೆ ಮಾಡಿ ನೆರಳಲ್ಲಿ ಇಡಿ. ತಟ್ಟೆಯಲ್ಲಿ ಉಳಿದ ಬಣ್ಣವನ್ನು ನನ್ನ ಮನೆಯಲ್ಲಿ ತೊಳೆಯುವುದಿಲ್ಲ. ಹಳೇ ಕ್ಯಾಲೆಂಡರಿನ ಹಿಂಬದಿಯ ಮೇಲೆ ಕೈಗೆ ಸಿಕ್ಕ ಅಚ್ಚನ್ನೆಲ್ಲ ಒತ್ತಿ ಮುಗಿಸುತ್ತೇವೆ. ಆ ಹಾಳೆಗಳು ಒಂದು ರಟ್ಟಿನ ಡಬ್ಬಿಯಲ್ಲಿ ಬೀಳುತ್ತವೆ. ಮುಂದಿನ ಶನಿವಾರ ಬಂದವರು ಅಂಟಿಸಲು ಕಾಗದ ಹುಡುಕುವುದು ಮೊದಲು ಆ ಡಬ್ಬಿಯಲ್ಲೇ.